ಅರವತ್ತೊಂದನೇ ಗಾಜು

ಕೌಲ್ ಬಜಾರಿನ ಕರೆಂಟು ಹೋದರೆ ನಮ್ಮದೂ ಹೋಗುತ್ತದೆ.
ಸೊನ್ನೆಯ ಕೆಳಗೆ ಎಂಬತ್ತರ ಫ್ರೀಜರು
ಒಮ್ಮೆ ಉಸಿರು ಬಿಟ್ಟು ಸುಮ್ಮನಾಗುತ್ತದೆ.
ಜನರೇಟರು ಹತ್ತುವವರೆಗೆ ಎಣಿಸುತ್ತೇನೆ,
ಹನ್ನೆರಡು, ಹದಿಮೂರು.
ಒಳಗೆ ಅರವತ್ತು ಜನರ ಮೂತ್ರಪಿಂಡ,
ಒಬ್ಬೊಬ್ಬರದೂ ಒಂದು ತುಂಡು ಶ್ಯಾವಿಗೆ ಎಳೆ.

ಹೋದ ವರ್ಷದವರೆಗೆ ಈ ಎಳೆಗಳು
ಥರ್ಮಾಕೋಲ್ ಡಬ್ಬಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಿದ್ದವು.
ಗುಂತಕಲ್ಲಿನಲ್ಲಿ ಗಾಡಿ ನಿಂತೇ ಬಿಟ್ಟರೆ ಐಸು ನೀರು.
ಬೆಂಗಳೂರಿನಿಂದ ಫೋನು:
ಮೇಡಂ, ಇದರಲ್ಲಿ ಏನೂ ಹೊಳೀತಿಲ್ಲ.

ಈಗ ದೀಪ ನಮ್ಮದೇ. ಕತ್ತಲ ಕೋಣೆ, ನೀಲಿ ಬೆಳಕು,
ಬಾಗಿಲಿಗೆ ಅಮ್ಮ ಹೊಲಿದುಕೊಟ್ಟ ಎರಡು ಪದರದ ಡೆನಿಮ್ ಪರದೆ.
ಬಳ್ಳಾರಿಯ ಬಿಸಿಲಿಗೆ ಇಲ್ಲ ಅಂದದ್ದು ಅದೊಂದೇ.

ಅರವತ್ತೊಂದು: ಎರ್ರಿಸ್ವಾಮಿ, ಇಪ್ಪತ್ಮೂರು,
ಜೀನ್ಸ್ ತೊಳೆಯುವ ಯೂನಿಟ್ಟು.
ಉಗುರಿನ ಸುತ್ತ ಹೋಗದ ನೀಲಿ. ಊದಿದ ಮುಖ,
ಮೂತ್ರಕ್ಕೆ ಡಿಕಾಕ್ಷನ್ನಿನ ಬಣ್ಣ.
"ಬಣ್ಣದ ನೀರಿಂದ ಬಂತೇನ್ರಿ ಮೇಡಂ?"
ಗೊತ್ತಿಲ್ಲ ಅಂದೆ.
ಗೊತ್ತಿಲ್ಲ ಅನ್ನುವುದಕ್ಕೇ ನನಗೆ
ಮೂರು ವರ್ಷದ ಅನುದಾನ ಸಿಕ್ಕಿರುವುದು.

ಮೊದಲೆಲ್ಲ ಸೈನಿಕರ ಕತೆ ಹೇಳುತ್ತಿದ್ದೆ,
ಕೋಟೆ ಕಾಯುವವರು, ದಂಗೆ ಎದ್ದವರು.
ಅವನ ತಾಯಿ ಮಾರೆಕ್ಕ ಎಲೆಅಡಿಕೆ ದವಡೆಗೆ ಸರಿಸಿ
ನನ್ನ ಕತೆ ಮುಗಿಸಿದಳು:
"ಅಂದ್ರ ಬೇಲೀನ ಎದ್ದು ಹೊಲ ಮೇಯ್ದಂಗ."

ಹೌದು. ಗಾದೆ ಅಲ್ಲಿಗೆ ನಿಲ್ಲುತ್ತದೆ.
ನನಗೆ ಬೇಕಾದದ್ದು ಅದರ ಹಿಂದಿನ ರಾತ್ರಿ:
ಯಾವ ಮುಳ್ಳು ಮೊದಲು ಎದ್ದಿತು,
ತನ್ನದೇ ಪೈರನ್ನು ಯಾರದೆಂದು ಬಗೆಯಿತು.
ಬೇಲಿಯನ್ನೇ ಕಿತ್ತುಬಿಡೋಣವೆಂದರೆ
ಊರ ದನವೆಲ್ಲ ಒಳಗೆ.
ಸಿರುಗುಪ್ಪದ ಹುಡುಗಿ, ಮೂವತ್ನಾಲ್ಕನೇ ಗಾಜು,
ಮೂತ್ರಪಿಂಡ ಉಳಿಸಿಕೊಂಡು ನ್ಯುಮೋನಿಯಾಕ್ಕೆ ಹೋದಳು.
ನನ್ನ ಕೋಷ್ಟಕದಲ್ಲಿ ಅವಳು ಇಂದಿಗೂ
"ಚಿಕಿತ್ಸೆಗೆ ಸ್ಪಂದಿಸಿದವರು" ಸಾಲಿನಲ್ಲಿದ್ದಾಳೆ.

ಫೋಕಸ್ ತಿರುಗಿಸುತ್ತೇನೆ.
ಕಪ್ಪು, ಕಪ್ಪು, ಆಮೇಲೆ ಒಂದು ನೂಲಿನುಂಡೆ.
ಒಂದೊಂದು ಸುರುಳಿಯ ಅಂಚಿಗೂ ಹಸಿರು ಗೆರೆ,
ತುಂಡಾಗದೆ, ನಡುಗದೆ.
ಉಳಿದವರದು ಚುಕ್ಕೆಚುಕ್ಕೆ, ರವೆ ಚೆಲ್ಲಿದ ಹಾಗೆ.
ಇದು ಗೆರೆ.
ಪುಸ್ತಕದ ಹೆಸರಿಗಿಂತ ಮೊದಲು
ಅಮ್ಮನ ಮಷೀನು ನೆನಪಾಯಿತು:
ಪ್ಯಾಂಟಿಗೆ ನಾಲ್ಕು ರೂಪಾಯಿ,
ಜೇಬಿನ ತಿರುವಿನಲ್ಲಿ ಹೊಲಿಗೆ ಜಾರಿದರೆ ಎರಡು.
ಇಷ್ಟು ಸಮನಾದ ಹೊಲಿಗೆ ಅಮ್ಮನೂ ಹಾಕಿಲ್ಲ.
ಅವನ ರಕ್ತವೇ, ಯಾರೂ ಹೇಳದೆ,
ತನ್ನ ಸೋಸುವ ಬಟ್ಟೆಯ ಮೇಲೆ ಹೊಲಿದದ್ದು.
ಚೆಂದ ಅನ್ನಿಸಿತು.
ಅನ್ನಿಸಿದ್ದಕ್ಕೆ ಕನ್ನಡಕ ತೆಗೆದು
ಸ್ವಲ್ಪ ಹೊತ್ತು ಗೋಡೆ ನೋಡಿದೆ.

ಆ ಸ್ವಲ್ಪ ಹೊತ್ತೂ ದುಬಾರಿ. ಈ ಹಸಿರು
ದೀಪದ ಕೆಳಗಿದ್ದಷ್ಟೂ ಮಾಸುತ್ತದೆ.
ಎರ್ರಿಸ್ವಾಮಿ ಕಲ್ಲು ಹಾಕಿ ತಿರುವಿ
ಬೇಕೆಂದೇ ಮಾಸಿಸುವ ಪ್ಯಾಂಟಿಗೆ
ಹೊಸದಕ್ಕಿಂತ ಹೆಚ್ಚು ಬೆಲೆಯಂತೆ.
ನನ್ನದು ಹಾಗಲ್ಲ. ಫೋಟೋ. ಇನ್ನೊಂದು.
ದೀಪ ಆರಿಸಿದೆ.

ಬೆಳಗಿನ ಗಾಜಿನಲ್ಲಿ ಎಣಿಸಿಟ್ಟಿದ್ದೆ:
ಹನ್ನೊಂದು ಉಂಡೆ, ಒಂಬತ್ತರಲ್ಲಿ
ಅರ್ಧಚಂದ್ರ ಬಂದು ಕೂತು ಹಿಸುಕುತ್ತಿದೆ.
ಎರಡಕ್ಕೆ ಇನ್ನೂ ಗ್ರಹಣ ಹಿಡಿದಿಲ್ಲ.
ವಾರ್ಡಿಗೆ ಫೋನು ಮಾಡಿದೆ. ಹನುಮೇಶ, ರಕ್ತ ಸೋಸುವ ಮಷೀನು
ಇವತ್ತೇ. ನಾಳೆ ಅನ್ನಬೇಡ.
ಯಾವುದು ಖಾಲಿ ಇದೆ ನೋಡ್ತೀನಿ ಅಂತ
ಫೋನು ಮೇಜಿನ ಮೇಲಿಟ್ಟು ಹೋದ.

ಕಿವಿಗೆ ಹಿಡಿದೇ ಕಾದೆ.
ಫ್ಯಾನಿನ ಸದ್ದು, ಯಾವುದೋ ಮಗುವಿನ ರಾಗ,
ಅದರ ನಡುವೆ ಸಣ್ಣಗೆ ಮಾರೆಕ್ಕನ ದನಿ,
ಪಕ್ಕದ ಮಂಚದವಳಿಗೆ ಹೇಳುತ್ತಿತ್ತು:
"ಸೂಜಿ ಹಾಕಿ ತಗದಾರ ನೋಡವ್ವ,
ಇಷ್ಟ ಇಷ್ಟು, ಶ್ಯಾವಿಗಿ ಎಳಿಯಷ್ಟು.
ಅದರಾಗ ಅಕಿಗೆ ಎಲ್ಲ ಕಾಣ್ತೈತಂತ."